ಪೇಜ್‌ಮೇಕರ್ ಮುಂದಿನ ಕುರ್ಚಿ ತೆಗೆದ ಮೇಲೆ

ಗಂಟೆಗೆ ಎಷ್ಟು ಪುಟ ಹೊಡೆಯುತ್ತಾನೆ ಅನ್ನುವುದೇ ನಮ್ಮ ಡಿಟಿಪಿ ಕಸುಬಿನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಅಚ್ಚಿಗೆ ಪುಟ ಜೋಡಿಸುವ ಕೆಲಸದಲ್ಲಿ, ಮೀಸೆ. ನಾನು ಏಳೆಂಟು ಪುಟ ಹೊಡೆಯುತ್ತಿದ್ದೆ, ಕೀಬೋರ್ಡ್ ನೋಡದೆ. ಎಕ್ಸ್‌ಪಿ ಕಂಪ್ಯೂಟರು, ಪುಟ ಜೋಡಿಸುವ ಪೇಜ್‌ಮೇಕರ್ 7, ನುಡಿ ಅನ್ನುವ ಹಳೆಯ ಕನ್ನಡ ಫಾಂಟು. ಹದಿನಾರು ವರ್ಷ ಈ ಮೂರರಲ್ಲೇ ಮನೆ ನಡೆಯಿತು. 2019ರಲ್ಲಿ ಯುನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರು-ಫೋನುಗಳೂ ಒಂದೇ ತರಹ ಓದುವ ಅಕ್ಷರ ಸಂಕೇತಕ್ಕೆ, ಬದಲಾದಾಗ ನನಗೆ 45 ದಾಟಿತ್ತು. ಗದಗಿನಲ್ಲಿ ನಮ್ಮ ಸಾಲಿನ ಅಂಗಡಿಯವರೆಲ್ಲ ನಕ್ಕಿದ್ದರು. ಈಗ ಅವರಲ್ಲೇ ಮೂವರು ಫೈಲ್ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಬುದ್ಧಿ ಬಂದು ಬದಲಾದೆ ಅಂದರೆ ಸುಳ್ಳಾಗುತ್ತದೆ. ಹೊಟ್ಟೆಗೆ ಹೊಡೆತ ಬಿದ್ದು ಬದಲಾದೆ. ಗಿರಾಕಿಗಳು ಮದುವೆ ಪತ್ರಿಕೆಯ ಮ್ಯಾಟರನ್ನು ವಾಟ್ಸಾಪಿನಲ್ಲಿ ಕಳಿಸತೊಡಗಿದರು. ನಮ್ಮ ಪೇಜ್‌ಮೇಕರಿಗೆ ಅದನ್ನು ಅಂಟಿಸಿದರೆ ಬರೀ ಪ್ರಶ್ನೆಚಿಹ್ನೆ. ನಾನು ಅದನ್ನೇ ನೋಡಿ ಮತ್ತೆ ಟೈಪ್ ಮಾಡಿ ಪುಟಕ್ಕೆ 25 ರೂಪಾಯಿ ಹಚ್ಚುತ್ತಿದ್ದೆ. ಒಬ್ಬ ಮಾಸ್ತರು ಕೇಳಿಯೇಬಿಟ್ಟರು: "ನಾನs ಟೈಪ್ ಮಾಡಿ ಕಳಿಸೇನಿ, ಮತ್ತ ಟೈಪಿಂಗ್ ಚಾರ್ಜ್ ಯಾಕ್ರೀ?" ಉತ್ತರ ಇರಲಿಲ್ಲ. ತಿಂಗಳಿಗೆ ಹನ್ನೆರಡು ಸಾವಿರದಷ್ಟು ಟೈಪಿಂಗಿನಿಂದಲೇ ಬರುತ್ತಿತ್ತು. ಒಂದೂವರೆ ವರ್ಷದಲ್ಲಿ ಅದು ಐದಕ್ಕೆ ಇಳಿಯಿತು.

ಇಲ್ಲಿ ಒಂದು ನಾಚಿಕೆಯ ಮಾತಿದೆ. ನಾನು 17ನೇ ವಯಸ್ಸಿಗೆ ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ, ಜೋಡಿಸಲು ಸೇರಿದವನು. ಕಂಪ್ಯೂಟರ್ ಬಂದಾಗ ನಮ್ಮ ಮೇಸ್ತ್ರಿ, ಕೈಗೆ ಭಾರ ಹತ್ತದ ಅಕ್ಷರ ಅದೆಂಥ ಅಕ್ಷರ ಅಂತ ಬಯ್ಯುತ್ತಿದ್ದರು. ನಾವು ಹುಡುಗರು ಅವರ ಬೆನ್ನ ಹಿಂದೆ ನಗುತ್ತಿದ್ದೆವು. ಇಪ್ಪತ್ತು ವರ್ಷದ ಮೇಲೆ ನಾನೂ ಅದನ್ನೇ ಆಡುತ್ತಿದ್ದೆ, ಮಾತು ಮಾತ್ರ ಬೇರೆ: "ಯುನಿಕೋಡಿನಲ್ಲಿ ಚೆಂದದ ಫಾಂಟೇ ಇಲ್ಲ ಬಿಡಿ."

ನಿಜವಾದ ಹೆದರಿಕೆ ಬೇರೆಯೇ ಇತ್ತು. ಬೆರಳಿಗೆ ಕೂತ ಕೀಗಳೆಲ್ಲ ಹೋಗುತ್ತವೆ, ಎಲ್‌ಕೆಜಿಯಿಂದ ಶುರು ಮಾಡಬೇಕು ಅಂದುಕೊಂಡಿದ್ದೆ. ಅಣ್ಣನ ಮಗ ದೀಪಾವಳಿಗೆ ಬಂದಾಗ ತೋರಿಸಿದ: "ಕಾಕಾ, ಕೀ ಎಲ್ಲಾ ಅವೇ ಅದಾವು. ಯುನಿಕೋಡ್ ಅಂತ ಆರಿಸ್ಕೊಂಡ್ರ ಆತು." ಹೌದು, ನುಡಿಯಲ್ಲಿದ್ದ ಅದೇ ಕೀಲಿಮಣೆ, ಕೆ.ಪಿ. ರಾವ್ ಅವರು ಕನ್ನಡಕ್ಕೆ ರೂಪಿಸಿದ್ದು. ನಾನು ಇಷ್ಟು ವರ್ಷ ಹೆದರಿದ್ದು ಇಲ್ಲದ ಹಾವಿಗೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಕೀ ಅವೇ ಇದ್ದರೂ ಬದಲಾಗುವುದು ಸುಲಭ ಆಗಲಿಲ್ಲ. ಚಿನ್ನದ ಮೇಲೆ ಸಾಲ ತೆಗೆದು 38 ಸಾವಿರದ ಹೊಸ ಕಂಪ್ಯೂಟರ್ ತಂದೆ. ಯುನಿಕೋಡಿನಲ್ಲಿ ಪುಟ ಜೋಡಿಸುವ ಇನ್‌ಡಿಸೈನಿಗೆ ಆಗ ತಿಂಗಳಿಗೆ ಹತ್ತಿರ ಎರಡು ಸಾವಿರ. ಮನೆಯವಳು "ಇದ್ದದ್ದು ಬಿಟ್ಟು ಇದೇನ್ ಹುಚ್ಚು ಹಿಡಿಸ್ಕೊಂಡ್ರಿ?" ಅಂದಳು. ಬೆಳಿಗ್ಗೆ ಹೊಸದರ ಮುಂದೆ ಕೂರುತ್ತಿದ್ದೆ. ಹನ್ನೊಂದಕ್ಕೆ ಗಿರಾಕಿ ಅವಸರ ಮಾಡಿದರೆ, ಇದೊಂದು ಕೆಲಸ ಮುಗಿಸಿಬಿಡೋಣ ಅಂತ ಹಳೆಯದರ ಮುಂದೆ. ಸಂಜೆವರೆಗೂ ಅಲ್ಲೇ. ಎರಡು ತಿಂಗಳು ಇದೇ ಆಟ, ಕಂತು ಮಾತ್ರ ತಪ್ಪಲಿಲ್ಲ.

ಆಮೇಲೆ ಮಾಡಿದ ಕೆಲಸ ಕೇಳಿದರೆ ನಗುತ್ತೀರಿ. ಹಳೆಯ ಕಂಪ್ಯೂಟರನ್ನು ಒಳಗಿನ ಕೋಣೆಗೆ ಸಾಗಿಸಿ, ಅದರ ಮುಂದಿನ ಕುರ್ಚಿ ತೆಗೆದೆ. ಪೇಜ್‌ಮೇಕರ್ ಬೇಕಿದ್ದರೆ ನಿಂತೇ ಮಾಡಬೇಕು. ನನ್ನ ಸೊಂಟಕ್ಕೆ ಹತ್ತು ನಿಮಿಷಕ್ಕಿಂತ ಜಾಸ್ತಿ ಆಗದು. ಮೂರು ವಾರದಲ್ಲಿ ಒಳಗೆ ಹೋಗುವುದೇ ಕಡಿಮೆಯಾಯಿತು. ಮನಸ್ಸಿಗೆ ಬುದ್ಧಿ ಹೇಳುತ್ತ ಕೂತಿದ್ದರೆ ಇವತ್ತಿಗೂ ಎಕ್ಸ್‌ಪಿಯಲ್ಲೇ ಇರುತ್ತಿದ್ದೆ.

ಪೆಟ್ಟು ತಿಂದದ್ದೂ ಹೇಳುತ್ತೇನೆ. ಮೊದಲ ವಾರ ಇನ್‌ಡಿಸೈನಿನಲ್ಲಿ ಒತ್ತಕ್ಷರವೆಲ್ಲ ಒಡೆದು ಬಂತು. ನಮ್ಮ ಲಿಪಿಗಳ ಒತ್ತು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಅನ್ನುವ ಸೆಟ್ಟಿಂಗ್ ಆರಿಸಿರಲಿಲ್ಲ, ಅಷ್ಟೇ. ಅದು ಗೊತ್ತಾಗಲು ಐದು ದಿನ ಹಿಡಿಯಿತು. ದೊಡ್ಡ ಪೆಟ್ಟು ಮದುವೆ ಪತ್ರಿಕೆಯದ್ದು. ಹಳೆ ರೂಢಿಯಂತೆ ಓಪನ್ ಫೈಲನ್ನೇ, ಅಂದರೆ ಇನ್‌ಡಿಸೈನ್ ಫೈಲನ್ನೇ, ಆಫ್‌ಸೆಟ್ ಪ್ರೆಸ್ಸಿಗೆ ಕಳಿಸಿದೆ. ಅಲ್ಲಿ ಆ ಫಾಂಟ್ ಇರಲಿಲ್ಲ. ಮದುಮಗಳು ಅಕ್ಷತಾ. 600 ಕಾರ್ಡಿನಲ್ಲೂ ಅವಳು 'ಅಕ್‌ಷತಾ' ಆಗಿ ಬಂದಳು. ಪ್ಲೇಟು, ಕಾರ್ಡು, ಮತ್ತೆ ಮುದ್ರಣ ಸೇರಿ ಏಳೆಂಟು ಸಾವಿರ ನನ್ನ ತಲೆಗೆ. ಅವತ್ತಿನಿಂದ, ಫಾಂಟನ್ನು ಒಳಗೇ ಹೊತ್ತೊಯ್ಯುವ ಪಿಡಿಎಫ್ ಬಿಟ್ಟು ಬೇರೆ ಏನೂ ನನ್ನ ಅಂಗಡಿಯಿಂದ ಹೊರಗೆ ಹೋಗುವುದಿಲ್ಲ.

ನುಡಿಯಲ್ಲಿದ್ದ ಹಳೆಯ ಪುಸ್ತಕಗಳನ್ನು ಯುನಿಕೋಡಿಗೆ ಕನ್ವರ್ಟ್ ಮಾಡುವುದು ಇನ್ನೊಂದು ಪುರಾಣ. 220 ಪುಟದ ಒಂದು ವಚನ ಸಂಕಲನ ಹಾಕಿದೆ. ವಟ್ರಸುಳಿ ಎಲ್ಲೋ, ಅರ್ಕಾವತ್ತು ಎಲ್ಲೋ. 'ರ‍್ಯಾಂಕ್', 'ರಾಜ್‌ಕುಮಾರ್' ತರಹದ ಶಬ್ದಗಳು ಸರಿಯಾಗಿ ಮೂಡಲು ಯುನಿಕೋಡಿನಲ್ಲಿ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು. ಅನುಸ್ವಾರದ ಜಾಗದಲ್ಲಿ ಸೊನ್ನೆ ಅಂಕಿ ಹೊಡೆದ ಹಳೆ ಪಾಪ ನನ್ನದೇ, ಕಣ್ಣಿಗೆ ಎರಡೂ ಒಂದೇ ತರಹ. ಕೂತು ಕೂತು ಹುಡುಕು-ಬದಲಿಸು ಪಟ್ಟಿ ಒಂದನ್ನು ಮಾಡಿಕೊಂಡೆ. ಈಗ ಅರವತ್ತು ಚಿಲ್ಲರೆ ಸಾಲಿದೆ. ಯಾವ ಸಾಲು ಮೊದಲು ಓಡಬೇಕು ಅನ್ನುವುದರಲ್ಲೇ ಗುಟ್ಟಿರುವುದು. ಅದನ್ನು ಮಾತ್ರ ಇಲ್ಲಿ ಹಾಕುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ನಡುವೆ ಫೋನಿಗೆ ಬಾಯಲ್ಲಿ ಹೇಳಿ ಬರೆಸುವುದನ್ನೂ ನೋಡಿದೆ. ಪುಸ್ತಕದ ಭಾಷೆ ಓದಿದರೆ ಪರವಾಗಿಲ್ಲ. ನಮ್ಮ ಗದಗಿನ ಮಾತಾಡಿದರೆ 'ಹೋಗೇನಿ', 'ಬಂದಾನ' ಎಲ್ಲ ಬೇರೇನೋ ಆಗುತ್ತವೆ. ಹಳೆ ಮೊಳೆ ಅಚ್ಚಿನ ಪುಸ್ತಕವನ್ನು ಸ್ಕ್ಯಾನ್ ಮಾಡಿ ಅಕ್ಷರ ತೆಗೆಸಿದೆ. ಮಸಿ ಹರಡಿದ ಕಡೆ ಒತ್ತುಗಳು ಕಲಸಿಹೋಗಿದ್ದವು. ತಿದ್ದುವುದಕ್ಕಿಂತ ಟೈಪ್ ಮಾಡುವುದೇ ಬೇಗ ಅನ್ನಿಸಿ ಬಿಟ್ಟೆ.

ಹಾಕಿದ ದುಡ್ಡು ಹುಟ್ಟಿದ್ದು ಒಂದು ಸಂಘದ ವಿಳಾಸ ಪುಸ್ತಕದಲ್ಲಿ. 1,400 ಹೆಸರು, ಅಕಾರಾದಿಯಲ್ಲಿ ಬೇಕು. ಹಿಂದೆ ಇಂಥದ್ದೇ ಒಂದನ್ನು ನಾನೂ ಮನೆಯವಳೂ ಚೀಟಿ ಕತ್ತರಿಸಿ, ನೆಲದ ಮೇಲೆ ಹರವಿ ಒಂಬತ್ತು ರಾತ್ರಿ ಮಾಡಿದ್ದೆವು. ಈ ಸಲ ಎಕ್ಸೆಲ್ಲಿಗೆ ಹಾಕಿ ಸಾರ್ಟ್ ಒತ್ತಿದೆ. ಎಲ್ಲರೂ 'ಶ'ದಲ್ಲಿ ಬಂದು ಕೂತರು! ಹೆಸರಿನ ಮೊದಲಿಗೆಲ್ಲ ಶ್ರೀ, ಶ್ರೀಮತಿ ಇತ್ತು. ಅದನ್ನು ಬೇರೆ ಕಾಲಮ್ಮಿಗೆ ತೆಗೆದು ಮತ್ತೆ ಒತ್ತಿದೆ. ಸಾಲಾಗಿ ಬಂದವು. 'ಕ್ಷ' ಕೊನೆಗೆ ಬರಬೇಕಿತ್ತು ಅಂತ ಕಾರ್ಯದರ್ಶಿಗಳು ತಕರಾರು ತೆಗೆದರು. ಅದು ಕಕಾರಕ್ಕೇ ಸೇರಿದ್ದು ಅಂತ ಒಪ್ಪಿಸಲು ಒಂದು ಚಹಾ ಖರ್ಚಾಯಿತು. ಎರಡು ಮಧ್ಯಾಹ್ನದ ಕೆಲಸ, ಆರು ಸಾವಿರ. ಮನೆಯವಳು ಪುಸ್ತಕ ತಿರುವಿ ನೋಡಿದಳು, ಏನೂ ಅನ್ನಲಿಲ್ಲ. ಮಾರನೆಯ ದಿನ ಕತ್ತರಿ ಅಡುಗೆಮನೆಗೆ ಹೋಗಿತ್ತು.

ಈಗ ಟೈಪಿಂಗಿಗೆ ಚಾರ್ಜ್ ಇಲ್ಲ. ಸೆಟ್ಟಿಂಗ್ ಮತ್ತು ತಿದ್ದುಪಡಿಗೆ ಪುಟಕ್ಕೆ 40. ತಿಂಗಳಿಗೆ ಮೊದಲಿಗಿಂತ ಏಳೆಂಟು ಸಾವಿರ ಜಾಸ್ತಿಯೇ ಬೀಳುತ್ತದೆ. ಮೊದಲ ನಾಲ್ಕು ತಿಂಗಳು ಮಾತ್ರ ಅರ್ಧಕ್ಕೆ ಇಳಿದಿತ್ತು. ಕೈಯಲ್ಲಿ ಅಷ್ಟು ಇಟ್ಟುಕೊಳ್ಳದೆ ಇಳಿಯಬೇಡಿ.

ಹಳೆಯ ಕಂಪ್ಯೂಟರ್ ಒಳಗೇ ಇದೆ. ಹಳೆ ಗಿರಾಕಿಯ ಫೈಲ್ ತೆರೆಯಲು ತಿಂಗಳಿಗೊಮ್ಮೆ ನಿಂತು ಕೆಲಸ ಮಾಡುತ್ತೇನೆ. ಆ ಕುರ್ಚಿ ಈಗ ಬಾಗಿಲ ಹತ್ತಿರ, ಪ್ರೂಫ್ ನೋಡಲು ಬಂದವರಿಗೆ. ಒಂದು ಕಾಲು ಅಲ್ಲಾಡುತ್ತದೆ, ರಿಪೇರಿ ಮಾಡಿಸಬೇಕು.