ಎಚ್‌ಎಫ್ ಮುಟ್ಟದೆ ಕ್ರಿಟೇಶಿಯಸ್ ಪರಾಗ ತೆಗೆದದ್ದು

ಎಚ್‌ಎಫ್, ಅಂದರೆ ಹೈಡ್ರೋಫ್ಲೋರಿಕ್ ಆಸಿಡ್, ಇಲ್ಲದೆ ಶೇಲ್‌ನಿಂದ (ಕೆಸರು ಗಟ್ಟಿಯಾಗಿ ಆದ ಕಲ್ಲು) ಪಳೆಯುಳಿಕೆ ಪರಾಗ ಬಿಡಿಸಲು ಆಗುವುದಿಲ್ಲ ಅಂತ ನನಗೆ ಹೇಳದವರಿಲ್ಲ. ಬದಿಯಡ್ಕದ ಅಡಿಕೆ ತೋಟದ ಮನೆಯಲ್ಲಿ ಆಸಿಡ್ ಹೊಗೆ ಹೊರಗೆ ಎಳೆಯುವ ಫ್ಯೂಮ್ ಹುಡ್ ಎಲ್ಲಿಂದ ತರುವುದು? ಗಾಜನ್ನೇ ತಿನ್ನುವ ಆಸಿಡ್ ಅದು, ಕೈಗೆ ಬಿದ್ದರೆ ಎಲುಬಿನವರೆಗೂ ಇಳಿಯುತ್ತದೆ. ಮೊಮ್ಮಕ್ಕಳು ಓಡಾಡುವ ಜಾಗ. ಹಾಗಾಗಿ ಜೇಡಿಮಣ್ಣನ್ನು ಬಿಡಿಬಿಡಿ ಮಾಡುವ ಫಾಸ್ಫೇಟ್ ಪುಡಿ ಕ್ಯಾಲ್ಗಾನ್‌ನ ದಾರಿ ಹಿಡಿದೆ.

ಮಾದರಿಗಳು ತಮಿಳುನಾಡಿನ ಕಾವೇರಿ ಬೇಸಿನ್‌ನ ಒಂದು ಬೋರ್‌ಹೋಲ್‌ನವು, ತಳದ ಕಡೆಯ ಹಳೆ ಪದರ, ಕ್ರಿಟೇಶಿಯಸ್ ಅಂದರೆ ಡೈನೋಸಾರ್‌ಗಳಿದ್ದ ಕಾಲದ್ದು. ಹಳೆಯ ಶಿಷ್ಯನೊಬ್ಬ ಕೊಟ್ಟ ಇಪ್ಪತ್ತು ಚಿಲ್ಲರೆ ಪೊಟ್ಟಣ. ಹೆಚ್ಚಿನವು ಕಟಿಂಗ್ಸ್ (ಕೊರೆಯುವಾಗ ಮೇಲೆ ಬರುವ ಕಲ್ಲಿನ ಪುಡಿ), ಆರೇಳು ಮಾತ್ರ ಕೋರ್ (ಇಡಿಯಾಗಿ ಕೊರೆದು ತೆಗೆದ ಕಲ್ಲಿನ ಕಂಬ) ಚೂರು.

ಮೊದಲ ಪೆಟ್ಟು ಬಿದ್ದದ್ದು ಜರಡಿಯಲ್ಲಿ. ದುಡ್ಡು ಉಳಿಸಲು ಮಂಗಳೂರಿನಿಂದ ಸ್ಕ್ರೀನ್ ಪ್ರಿಂಟಿಂಗ್ ಬಟ್ಟೆ ತಂದೆ, ಇನ್ನೂರು ರೂಪಾಯಿ. ಮೂರು ತಿಂಗಳು ಸೋಸಿದ ಮೇಲೆ ತಲೆಗೆ ಹೋಯಿತು: ಅದರ ಕಣ್ಣು ದೊಡ್ಡದು, ನನಗೆ ಬೇಕಾದ ಸಣ್ಣ ಪರಾಗವೆಲ್ಲ ಬಚ್ಚಲಿಗೆ ಹರಿದು ಹೋಗಿದೆ! ನಾಲ್ಕು ಮಾದರಿ ಖಲಾಸ್. ಆಮೇಲೆ 15 ಮೈಕ್ರಾನ್ ನೈಲಾನ್ ತರಿಸಿದೆ, ಅರ್ಧ ಮೀಟರಿಗೆ ಸುಮಾರು ನಾಲ್ಕೂವರೆ ಸಾವಿರ. ಮುಚ್ಚಿದ ಕ್ಲಿನಿಕ್ಕೊಂದರ ಸೆಂಟ್ರಿಫ್ಯೂಜ್ ಮೂರು ಸಾವಿರಕ್ಕೆ ಸಿಕ್ಕಿತು. ಎಲ್ಲ ಸೇರಿ ಇಪ್ಪತ್ತೆರಡು ಸಾವಿರದ ಆಚೀಚೆ ಆಗಿರಬಹುದು.

ಎರಡನೇ ಪೆಟ್ಟು ಇನ್ನೂ ಜೋರು. ತೊಳೆದ ಕಟಿಂಗ್ಸನ್ನು ಅಂಗಳದಲ್ಲಿ ಪೇಪರ್ ಹಾಸಿ ಒಣಗಿಸಿದ್ದೆ. ಸ್ಲೈಡ್ ನೋಡಿದರೆ ಉದ್ದಕ್ಕೆ ಒಂದೇ ಸೀಳಿನ ಪರಾಗ ರಾಶಿ ರಾಶಿ. ಸೈಕ್ಯಾಡೊಪೈಟಿಸ್ ಅನ್ನುವ ಪಳೆಯುಳಿಕೆ ಪರಾಗ ಅಂದುಕೊಂಡು ಕುಣಿದೆ. ಹಿರಿಯರೊಬ್ಬರಿಗೆ ಫೋಟೋ ಕಳಿಸಿದರೆ ಅವರು ಕೇಳಿದ್ದು ಒಂದೇ ಮಾತು: "ಮನೆ ಹತ್ತಿರ ತೆಂಗಿನ ಮರ ಉಂಟಾ?"

ಉಂಟು, ಅರುವತ್ತು. ಅಡಿಕೆ ಬೇರೆ. ಎರಡರದ್ದೂ ಒಂದೇ ಸೀಳಿನ ಪರಾಗ ಅಲ್ವಾ! ಸಫ್ರಾನಿನ್ ಅನ್ನುವ ಕೆಂಪು ಬಣ್ಣ ಹಾಕಿದೆ. ಕಡುಗೆಂಪಾಗಿ ಹೊಳೆದವು ಇವತ್ತಿನವು, ಒಳಗೆ ತಿರುಳೂ ಇತ್ತು. ಕಂದು ಹಳದಿಯಾಗಿ ಮಂಕಾಗಿ ಉಳಿದ, ನಿಜಕ್ಕೂ ಹಳೆಯವು ನಾಲ್ಕೋ ಐದೋ.

ಸುಮ್ನೆ ನೋಡೋಣ ಅಂತ ಗ್ಲಿಸರಿನ್ ಜೆಲ್ಲಿ ಸವರಿದ ಸ್ಲೈಡೊಂದನ್ನು ಜಗಲಿಯಲ್ಲಿ ಒಂದು ದಿನ ಇಟ್ಟೆ. ನೂರರ ಮೇಲೆ ತೆಂಗಿನ ಪರಾಗ ಎಣಿಸಿ ಸುಸ್ತಾಗಿ ಬಿಟ್ಟೆ. ಅಲ್ಲಿಂದ ಪ್ರತಿ ಸುತ್ತಿನಲ್ಲೂ ಮಂಗಳೂರು ಹೆಂಚಿನ ಪುಡಿಯ ಒಂದು ಟ್ಯೂಬ್ ಜೊತೆಗೆ ಓಡುತ್ತದೆ. ಆವೆಯಲ್ಲಿ ಸುಟ್ಟ ಹೆಂಚಿನಲ್ಲಿ ಪರಾಗ ಇರಲು ಸಾಧ್ಯವಿಲ್ಲ. ಅದರಲ್ಲಿ ಏನು ಕಂಡರೂ ಅದು ನಮ್ಮ ಮನೆಯದ್ದು. ಈಗ ಒಣಗಿಸುವುದು ಮುಚ್ಚಿದ ಸ್ಟೀಲ್ ಡಬ್ಬದಲ್ಲಿ. ಕೋರ್ ಚೂರಾದರೆ ಹೊರಮೈ ಕೆರೆದು ಬಿಸಾಡುತ್ತೇನೆ, ಕೊರೆಯುವಾಗ ಬಿಡುವ ಕೆಸರು, ಡ್ರಿಲ್ಲಿಂಗ್ ಮಡ್, ಅಲ್ಲೇ ಅಂಟಿರುವುದು.

ಉಳಿದದ್ದು ಈ ಕೆಲಸದಲ್ಲಿ ಎಲ್ಲರೂ ಮಾಡುವುದೇ. ಸುಣ್ಣ ಕಳೆಯಲು ಎಚ್‌ಸಿಎಲ್ (ಹೈಡ್ರೋಕ್ಲೋರಿಕ್ ಆಸಿಡ್), ಮತ್ತೆ ಕ್ಯಾಲ್ಗಾನ್, ಸೋಸು, ಕೊನೆಗೆ ಜಿಂಕ್ ಕ್ಲೋರೈಡಿನ ಭಾರದ ದ್ರವ: ಅದರಲ್ಲಿ ಪರಾಗ ತೇಲುತ್ತದೆ, ಕಲ್ಲಿನ ಪುಡಿ ಮುಳುಗುತ್ತದೆ. ಆಸಿಡ್ ಪೂರ್ತಿ ತೊಳೆದು ಹೋಗದೆ ಕ್ಯಾಲ್ಗಾನ್ ಹಾಕಬೇಡಿ. ಜಿಂಕ್ ದ್ರವದ ತೂಕ ನೋಡಲು ಚಿನ್ನದಂಗಡಿಯ ತಕ್ಕಡಿ ಸಾಕು, 10 ಮಿಲಿ 20 ಗ್ರಾಂ ತೂಗಬೇಕು. ಕ್ಯಾಲ್ಗಾನ್ ಎಷ್ಟು ಬಿಸಿ, ಎಷ್ಟು ಹೊತ್ತು ಅನ್ನುವುದನ್ನು ಸದ್ಯ ಹೇಳುವುದಿಲ್ಲ. ಅದಕ್ಕೇ ಎರಡು ಮಳೆಗಾಲ ಹೋಗಿದೆ. ಕನ್ನಡಕ ತೊಳೆಯುವ ಅಲ್ಟ್ರಾಸೋನಿಕ್ ಡಬ್ಬವನ್ನೂ ಪ್ರಯತ್ನಿಸಿದೆ. ಅರ್ಧ ನಿಮಿಷಕ್ಕೆ ಮಣ್ಣು ಚೆನ್ನಾಗಿ ಬಿಟ್ಟಿತು. ಎರಡು ನಿಮಿಷ ಬಿಟ್ಟದ್ದರಲ್ಲಿ ಪರಾಗವೂ ಹರಿದು ಚಿಂದಿ.

ಹೋದ ನವೆಂಬರ್‌ನಲ್ಲಿ ಎಂಟನೇ ಪೊಟ್ಟಣ. ಒಂದು ಕೋರ್ ಚೂರು, ಹತ್ತು ಗ್ರಾಂ. ರಾತ್ರಿ ಹನ್ನೊಂದಕ್ಕೆ ಮೈಕ್ರೋಸ್ಕೋಪಿನಡಿ ಕ್ಯಾಲಿಯಾಲಾಸ್ಪೊರೈಟಿಸ್ ಅನ್ನುವ ಕೋನಿಫರ್ ಪರಾಗ ಬಂತು. ಸುತ್ತ ನೀರುದೋಸೆಯ ಅಂಚಿನಂತೆ ತೆಳು ನೆರಿಗೆ, ಎಲ್ಲೂ ಹರಿದಿಲ್ಲ. ಅದೇ ಸ್ಲೈಡಿನಲ್ಲಿ ಇನ್ನೆರಡು ಕೋನಿಫರ್ ಪರಾಗ, ಅರೌಕೇರಿಯಾಸೈಟಿಸ್ ಮತ್ತು ಕ್ಲಾಸೊಪೊಲಿಸ್; ಜೊತೆಗೆ ಗೆರೆ ಗೆರೆಯ ಜರೀಗಿಡದ ಬೀಜಕ ಸಿಕಾಟ್ರಿಕೊಸಿಸ್ಪೊರೈಟಿಸ್. ಹೆಂಚಿನ ಟ್ಯೂಬಿನಲ್ಲಿ ಒಂದೂ ಪರಾಗ ಇರಲಿಲ್ಲ. ಅದೇ ಚೂರಿನ ಇನ್ನೊಂದು ಅರ್ಧವನ್ನು ಹೊರಗಿನ ಲ್ಯಾಬೊಂದರವರು ಎಚ್‌ಎಫ್‌ನಲ್ಲಿ ಮಾಡಿದರು. ಅವರಿಗೆ ಸಿಕ್ಕಿದ್ದು ನನಗಿಂತ ಸ್ವಲ್ಪ ಜಾಸ್ತಿ, ಆದರೆ ಹರಿದದ್ದೂ ಜಾಸ್ತಿ. ಇದನ್ನು ನಾನಾಗಿ ಯಾರಿಗೂ ಹೇಳಿಲ್ಲ, ಕೇಳಿದವರಿಗೆ ಎರಡೆರಡು ಸಲ ಹೇಳಿದ್ದೇನೆ.

ಆಗದು ಅಂದವರಲ್ಲಿ ಒಬ್ಬರು ಮೊನ್ನೆ ಐದು ಪೊಟ್ಟಣ ಕಳಿಸಿದ್ದಾರೆ. ಮೂರು ಶೇಲ್, ನೆನೆ ಹಾಕಿದ್ದೇನೆ. ಎರಡು ಚರ್ಟ್, ಸಿಲಿಕಾದ ಗಟ್ಟಿ ಕಲ್ಲು. ಅದಕ್ಕೆ ಕ್ಯಾಲ್ಗಾನ್ ಏನೂ ಮಾಡದು, ವಾಪಸ್ ಕಳಿಸುತ್ತೇನೆ.