ಸಾಲಕ್ಕೆ ಸಹಿ ಹಾಕುವ ಮುನ್ನ ಕೆಎಫ್‌ಎಸ್ ಓದುವುದು ಹೇಗೆ?

ಸಾಲದ ಒಪ್ಪಂದಪತ್ರವನ್ನು ಪೂರ್ತಿ ಓದುವವರು ಅಪರೂಪ. ಅದರ ಬದಲು ಸಾಲದ ಮುಖ್ಯ ಷರತ್ತು, ವೆಚ್ಚಗಳ ಸಾರಾಂಶವಾದ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಅಂದರೆ ಕೆಎಫ್‌ಎಸ್ ಎಂಬ ಕೆಲವೇ ಪುಟಗಳನ್ನಾದರೂ ಓದಲೇಬೇಕು. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಎಲ್ಲ ಹೊಸ ರಿಟೇಲ್ ಸಾಲ ಮತ್ತು ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮ) ಅವಧಿ ಸಾಲಗಳಿಗೆ ರಿಸರ್ವ್ ಬ್ಯಾಂಕ್ ಇದನ್ನು ಕಡ್ಡಾಯ ಮಾಡಿದೆ. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕೆಂಬುದೂ ನಿಯಮ. ಸಂಕೋಚಪಡದೆ ಕನ್ನಡದ ಪ್ರತಿ ಕೇಳಿ.

ಮೊದಲು ಎಪಿಆರ್ ಹುಡುಕಿ

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಬಡ್ಡಿದರ. ನಿಮ್ಮ ಕೈಬಿಡುವ ದುಡ್ಡಿನ ಲೆಕ್ಕ ಇರುವುದು ಎಪಿಆರ್‌ನಲ್ಲಿ, ಅಂದರೆ ಬಡ್ಡಿ, ಶುಲ್ಕ, ವಿಮೆ ಎಲ್ಲ ಸೇರಿದ ವಾರ್ಷಿಕ ದರದಲ್ಲಿ.

₹1 ಲಕ್ಷ ಸಾಲ, ಶೇ 12 ಬಡ್ಡಿ, 12 ಕಂತು ಎಂದುಕೊಳ್ಳಿ. ಇಎಂಐ, ಅಂದರೆ ತಿಂಗಳ ಕಂತು, ಸುಮಾರು ₹8,885. ಪ್ರೊಸೆಸಿಂಗ್ ಶುಲ್ಕ ₹2,000, ಅದರ ಮೇಲೆ ಶೇ 18 ಜಿಎಸ್‌ಟಿ ₹360, ವಿಮೆಗೆ ₹1,140 ಮುರಿದುಕೊಂಡರೆ ಖಾತೆಗೆ ಬೀಳುವುದು ₹96,500 ಮಾತ್ರ. ಕಂತು ಕಟ್ಟುವುದು ಮಾತ್ರ ಪೂರ್ತಿ ಲಕ್ಷಕ್ಕೆ! ಹಾಗಾಗಿ ಎಪಿಆರ್ ಶೇ 18.8ರ ಆಸುಪಾಸಿಗೆ ಏರುತ್ತದೆ. ಅವಧಿ ಚಿಕ್ಕದಾದಷ್ಟೂ ಶುಲ್ಕದ ಹೊಡೆತ ಜೋರು.

‘ಫ್ಲ್ಯಾಟ್ ರೇಟ್’ ಎಂದರೆ ಇನ್ನೂ ಎಚ್ಚರ. ಇಲ್ಲಿ ಅಸಲು ಕರಗುತ್ತಾ ಹೋದರೂ ಬಡ್ಡಿಯನ್ನು ಮೂಲ ಸಾಲದ ಮೇಲೆಯೇ ಹಾಕುತ್ತಾರೆ. ಅದೇ ಲಕ್ಷಕ್ಕೆ ಶೇ 12 ಫ್ಲ್ಯಾಟ್ ಎಂದರೆ ವರ್ಷಕ್ಕೆ ₹12,000 ಬಡ್ಡಿ. ಉಳಿಕೆ ಬಾಕಿಯ ಮೇಲಾದರೆ ₹6,619 ಅಷ್ಟೇ. ಫ್ಲ್ಯಾಟ್ ಶೇ 12 ಎಂಬುದು ನಿಜದಲ್ಲಿ ಶೇ 21.5ರಷ್ಟು. ಎರಡು ಬ್ಯಾಂಕುಗಳನ್ನು ಹೋಲಿಸುವಾಗ ಒಂದೇ ಮೊತ್ತ, ಒಂದೇ ಅವಧಿಗೆ ಎಪಿಆರ್ ಎದುರು ಎಪಿಆರ್ ಇಟ್ಟು ನೋಡಿ.

ನಂತರ ಶುಲ್ಕಗಳ ಪಟ್ಟಿ

ಬ್ಯಾಂಕಿಗೆ ಸಲ್ಲುವುದು, ಬ್ಯಾಂಕಿನ ಮೂಲಕ ವಿಮಾ ಕಂಪನಿಯಂಥ ಬೇರೆಯವರಿಗೆ ಹೋಗುವುದು ಎಂದು ಇದರಲ್ಲಿ ಎರಡು ಭಾಗ. ಬೇಡದ ವಿಮೆ ನುಸುಳುವುದು ಎರಡನೆಯದರಲ್ಲಿ. ಕೆಎಫ್‌ಎಸ್‌ನಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲು ಮಾಡುವಂತಿಲ್ಲ. ತಡವಾದ ಕಂತಿನ ದಂಡ, ಅವಧಿಗೆ ಮುನ್ನ ಸಾಲ ತೀರಿಸಿದರೆ ಬೀಳುವ ಶುಲ್ಕವೂ ಇಲ್ಲೇ ಇರುತ್ತದೆ. ದಂಡವನ್ನು ಬಡ್ಡಿಗೆ ಸೇರಿಸಿ ಚಕ್ರಬಡ್ಡಿ ಎಳೆಯುವುದಕ್ಕೂ ಈಗ ಅವಕಾಶವಿಲ್ಲ.

ಮರುಪಾವತಿ ಪಟ್ಟಿಯ ಮೊದಲ ಸಾಲು

ಪ್ರತಿ ಕಂತಿನಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು ಎಂಬುದು ಇದರಲ್ಲಿದೆ. ₹20 ಲಕ್ಷ, ಶೇ 9, 20 ವರ್ಷದ ಗೃಹಸಾಲಕ್ಕೆ ಇಎಂಐ ₹17,995. ಮೊದಲ ತಿಂಗಳು ಇದರಲ್ಲಿ ₹15,000 ಬಡ್ಡಿಗೇ ಹೋಗಿ, ಅಸಲು ಇಳಿಯುವುದು ₹2,995. ಹೆಚ್ಚುವರಿ ಹಣ ಕೈಗೆ ಬಂದರೆ ಆರಂಭದ ವರ್ಷಗಳಲ್ಲೇ ಕಟ್ಟಿದರೆ ಲಾಭ ಹೆಚ್ಚೆನ್ನುವುದು ಇದಕ್ಕೇ.

ದರ ‘ಫ್ಲೋಟಿಂಗ್’, ಅಂದರೆ ಏರಿಳಿಯುವಂಥದ್ದು ಎಂದಿದ್ದರೆ ರೆಪೊದಂಥ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಯಾವ ಮಾನದಂಡಕ್ಕೆ ಜೋಡಿಸಿದ್ದಾರೆ, ಎಷ್ಟು ತಿಂಗಳಿಗೊಮ್ಮೆ ಬದಲಾಗುತ್ತದೆ ನೋಡಿ. ದರ ಏರಿದಾಗ ಇಎಂಐ ಹಾಗೇ ಉಳಿದು ಕಂತುಗಳ ಸಂಖ್ಯೆ ಬೆಳೆಯಬಹುದು. ತಿಂಗಳ ಖರ್ಚು ಬದಲಾಗದ ಕಾರಣ ಇದು ಎಷ್ಟೋ ಜನರ ಗಮನಕ್ಕೇ ಬರುವುದಿಲ್ಲ.

ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ಅವಧಿಯ ಸಾಲವಾದರೆ ಕೆಎಫ್‌ಎಸ್ ಕನಿಷ್ಠ 3 ಕೆಲಸದ ದಿನ ಸಿಂಧುವಾಗಿರಬೇಕು. ‘ಇವತ್ತೇ ಸಹಿ ಹಾಕಿ’ ಎಂದು ಅವಸರಪಡಿಸಿದರೆ ಪ್ರತಿಯನ್ನು ಮನೆಗೆ ಒಯ್ಯಿರಿ. ಅದರಲ್ಲಿಲ್ಲದ ಶುಲ್ಕ ಮುಂದೆ ಕಡಿತವಾದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ಬಗೆಹರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು.