93ರಿಂದ 83 ಕೆಜಿಗೆ: ಬೊಜ್ಜು ಇಳಿದಾಗ ತಾಕತ್ತು ಎಲ್ಲಿಗೆ ಹೋಯಿತು?

ಬೊಜ್ಜು ಬಾರ್ ಎತ್ತುವುದಿಲ್ಲ. ಎತ್ತುವುದು ಸ್ನಾಯು, ಎತ್ತಿಸುವುದು ನರ. ಇದು ಎಲ್ಲರಿಗೂ ಗೊತ್ತು. ಆದರೂ ಜಿಮ್‌ನಲ್ಲಿ ಯಾರನ್ನು ಬೇಕಾದರೂ ಕೇಳಿ, "ತೂಕ ಇಳಿಸಿದೆ, ಬೆಂಚ್ ಪ್ರೆಸ್ ಕೈಬಿಟ್ಟು ಹೋಯ್ತು" ಅಂತಲೇ ಹೇಳುತ್ತಾರೆ. ನನಗೂ ಹಾಗೇ ಆಯಿತು. ಎತ್ತುವ ಕೆಲಸವನ್ನೇ ಮಾಡದ ಬೊಜ್ಜು ಮೈಯಿಂದ ಹೋದರೆ ಎತ್ತುವ ಶಕ್ತಿ ಯಾಕೆ ಇಳಿಯಬೇಕು? ನಾನು ಭಾರ ಎತ್ತುವ ಸ್ಪರ್ಧೆಗಳಲ್ಲಿ 93 ಕೆಜಿ ಮೈತೂಕದ ವಿಭಾಗದಿಂದ 83ಕ್ಕೆ ಇಳಿದೆ, ಇನ್ನೂ ಕೆಳಗೆ ಹೋದರೆ ಏನಾಗುತ್ತದೆ ಅಂತ ಬೇಕಂತಲೇ ಹೋಗಿ ನೋಡಿದೆ, ಮತ್ತೆ ಸ್ವಲ್ಪ ಮೇಲೆ ಬಂದು ನಿಂತಿದ್ದೇನೆ. ಆ ಲೆಕ್ಕ ಇದು.

ನಾನು ಮಾಡುವುದು ಪವರ್‌ಲಿಫ್ಟಿಂಗ್. ಬಾರ್ ಹೆಗಲ ಮೇಲೆ ಹೊತ್ತು ಕೂತು ಏಳುವ ಸ್ಕ್ವಾಟ್, ಮಲಗಿ ಎದೆಯಿಂದ ಮೇಲಕ್ಕೆ ಒತ್ತುವ ಬೆಂಚ್, ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್, ಮೂರನ್ನೂ ಕೂಡಿಸಿದರೆ ಟೋಟಲ್. ಎತ್ತರ 173 ಸೆಂ.ಮೀ. ಮೈತೂಕ 93 ಇದ್ದಾಗ 205, 130, 225, ಒಟ್ಟು 560 ಕೆಜಿ. ಸೊಂಟದ ಸುತ್ತಳತೆ 102 ಸೆಂ.ಮೀ. ಮೈತೂಕದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಬೊಜ್ಜೇ ಇತ್ತು ಅಂತ ನನ್ನ ಅಂದಾಜು. ಶೇಕಡಾವಾರು ಹೇಳುವ ಮೆಷಿನ್ ಮೇಲೆ ನನಗೆ ನಂಬಿಕೆ ಕಡಿಮೆ. ಅದು ಮೈಯಲ್ಲಿ ಸಣ್ಣ ಕರೆಂಟ್ ಹರಿಸಿ, ಎಷ್ಟು ನೀರಿದೆ ಅಂತ ನೋಡಿ, ಅದರಿಂದ ಬೊಜ್ಜನ್ನು ಊಹಿಸುತ್ತದೆ. ಬೆವರು ಹರಿಸಿ ಬಂದು ನಿಂತರೆ ಒಂದು ಲೆಕ್ಕ, ನೀರು ಕುಡಿದು ನಿಂತರೆ ಇನ್ನೊಂದು. ಅದಕ್ಕೇ ನಾನು ಹೊಕ್ಕುಳಿನ ಮಟ್ಟಕ್ಕೆ ಟೇಪು ಸುತ್ತಿ ಅಳೆಯುತ್ತೇನೆ, ಬೆಳಗ್ಗೆ ಎದ್ದ ತಕ್ಷಣ. ಸೊಂಟ ಇಳಿಯುತ್ತಿದೆ, ತೊಡೆ ಇಳಿಯುತ್ತಿಲ್ಲ ಅಂದರೆ ಸರಿಯಾದ್ದೇ ಹೋಗುತ್ತಿದೆ ಅಂತ ಅರ್ಥ.

ಮೊದಲು ಇಳಿದದ್ದು ಬೆಂಚ್. ಇದಕ್ಕೆ ಒಂದು ಕಾರಣ ಬರೀ ಜ್ಯಾಮಿತಿ. ಬೆನ್ನಿನ ಮೇಲೆ, ಎದೆಯ ಮೇಲೆ ಇದ್ದ ದಪ್ಪ ಕರಗಿದರೆ ಬಾರ್ ಎದೆ ಮುಟ್ಟಲು ಇನ್ನೊಂದಿಷ್ಟು ಕೆಳಗೆ ಬರಬೇಕು. ನೋಡಲು ಒಂದೆರಡು ಸೆಂ.ಮೀ. ಅಷ್ಟೇ, ಆದರೆ ಅದು ಅತಿ ಕಷ್ಟದ ಜಾಗದಲ್ಲಿ ಸೇರಿಕೊಳ್ಳುವ ದೂರ. ತೋಳು ಪಕ್ಕೆಗೆ ಒತ್ತಿ ಸಿಗುತ್ತಿದ್ದ ಆಸರೆಯೂ ಹೋಯಿತು. 130 ಇದ್ದದ್ದು 120ಕ್ಕೆ ಬಂತು.

ಸ್ಕ್ವಾಟ್ ಕಥೆ ಇನ್ನೂ ಸ್ವಾರಸ್ಯ. ಹೊಟ್ಟೆ ದೊಡ್ಡದಿದ್ದಾಗ ಕೆಳಗೆ ಕೂತ ಕೂಡಲೇ ಹೊಟ್ಟೆ ತೊಡೆಗೆ ಒತ್ತುತ್ತದೆ, ತೊಡೆಯ ಹಿಂಭಾಗ ಮೀನಖಂಡಕ್ಕೆ ಒತ್ತುತ್ತದೆ, ಒಟ್ಟಿನಲ್ಲಿ ಮೈಯೇ ಮೈಗೆ ಮೆತ್ತೆ ಹಾಕಿಕೊಟ್ಟ ಹಾಗೆ. ಆ ಮೆತ್ತೆಯಿಂದ ಪುಟಿದು ಮೇಲೆ ಬರುವುದು ಸುಲಭ. ಜೊತೆಗೆ ಬೆಲ್ಟು. ಬೆಲ್ಟಿನ ಕೆಲಸ ಸೊಂಟ ಹಿಡಿದುಕೊಳ್ಳುವುದಲ್ಲ. ಉಸಿರು ತುಂಬಿ ಹೊಟ್ಟೆಯನ್ನು ಅದರ ವಿರುದ್ಧ ಒತ್ತಿದಾಗ ಒಳಗಿನ ಒತ್ತಡ ಏರುತ್ತದೆ, ಆ ಒತ್ತಡವೇ ಬೆನ್ನನ್ನು ನೆಟ್ಟಗೆ ಇಡುತ್ತದೆ. ದಪ್ಪ ಸೊಂಟ ಬೆಲ್ಟನ್ನು ತಾನಾಗೇ ತುಂಬಿಕೊಳ್ಳುತ್ತಿತ್ತು. ಸೊಂಟ 88ಕ್ಕೆ ಬಂದ ಮೇಲೆ ಆ ಒತ್ತಡವನ್ನು ನಾನೇ ಹುಟ್ಟಿಸಬೇಕಾಯಿತು. ಪಕ್ಕಕ್ಕೂ ಹಿಂದಕ್ಕೂ ಉಸಿರು ತುಂಬುವುದನ್ನು ಖಾಲಿ ಬಾರ್ ಹೊತ್ತುಕೊಂಡು ಮತ್ತೆ ಅಭ್ಯಾಸ ಮಾಡಿದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ ನೋಡಿ. "ಶಕ್ತಿ ಹೋಯ್ತು" ಅಂದುಕೊಳ್ಳುವುದರಲ್ಲಿ ಒಂದು ಪಾಲು ಹಳೆಯ ಮೈಗೆ ಕಲಿತಿದ್ದ ತಂತ್ರ ಹೊಸ ಮೈಗೆ ಹೊಂದದೇ ಇರುವುದು.

ಡೆಡ್‌ಲಿಫ್ಟ್ ಮಾತ್ರ ಕದಲಲಿಲ್ಲ. 225 ಇದ್ದದ್ದು 225ಕ್ಕೇ ನಿಂತಿತು. ಬಗ್ಗುವಾಗ ಹೊಟ್ಟೆ ಅಡ್ಡ ಬರುವುದು ನಿಂತು, ಬೆನ್ನು ಸಪಾಟಾಗಿ ಕೂರತೊಡಗಿತು. ಮೆತ್ತೆಯ ಸಹಾಯ ಇದರಲ್ಲಿ ಮೊದಲೂ ಇರಲಿಲ್ಲ, ಹಾಗಾಗಿ ಕಳೆದುಕೊಳ್ಳಲಿಕ್ಕೆ ಏನೂ ಇರಲಿಲ್ಲ.

ಇಲ್ಲಿಯವರೆಗೆ ಬೊಜ್ಜಿನ ಮಾತು. ಆದರೆ ಬೊಜ್ಜು ಇಳಿಸುವುದು ಬೇರೆ, ಬೊಜ್ಜು ಕಡಿಮೆ ಇರುವುದು ಬೇರೆ. ಈ ಎರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಇಷ್ಟು ಗೊಂದಲ ಅಂತ ನನಗನ್ನಿಸುತ್ತದೆ. ಇಳಿಸುವಾಗ ಊಟ ಕಡಿಮೆ. ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಕಡಿಮೆ. ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು 3 ಗ್ರಾಂ ನೀರು ಇರುತ್ತದೆ, ಅದೂ ಹೋಗುತ್ತದೆ. ಡಯಟ್ ಶುರುವಾದ ಮೊದಲ ವಾರ ತಕ್ಕಡಿ ದಡಬಡ ಇಳಿಯುವುದು ಇದರಿಂದಲೇ, ಬೊಜ್ಜಿನಿಂದಲ್ಲ. ಸ್ನಾಯು ಚಪ್ಪಟೆ, ಮೈ ಭಾರ, ಬಾರ್ ಇನ್ನೂ ಭಾರ. 83 ಮುಟ್ಟಿದ ವಾರ ನನ್ನ ಸ್ಕ್ವಾಟ್ 180ರಲ್ಲಿ ಒದ್ದಾಡುತ್ತಿತ್ತು. ಆಮೇಲೆ ತೂಕ ಏರದಷ್ಟು, ಇಳಿಯದಷ್ಟು ತಿಂದುಕೊಂಡು ಕೆಲವು ವಾರ ಸುಮ್ನೆ ಅಲ್ಲೇ ನಿಂತೆ. ಸೊಂಟ ಅಷ್ಟೇ ಇತ್ತು, ಸ್ಕ್ವಾಟ್ 190 ಆಯಿತು. ಬೊಜ್ಜು ವಾಪಸ್ ಬರಲಿಲ್ಲ, ಅನ್ನ ವಾಪಸ್ ಬಂತು ಅಷ್ಟೇ. ಅಂದರೆ ಕಟ್ (ಊಟ ತಗ್ಗಿಸಿ ತೂಕ ಇಳಿಸುವ ಅವಧಿ) ಮುಗಿದ ದಿನ ಎಷ್ಟು ಎತ್ತುತ್ತೀರಿ ಅನ್ನುವುದನ್ನು ನೋಡಿ "ನನ್ನ ಶಕ್ತಿ ಇಷ್ಟೇ" ಅಂತ ತೀರ್ಮಾನ ಮಾಡಬೇಡಿ. ಅದು ಹಸಿದ ಮೈಯ ಅಂಕಿ.

ಇಳಿಸಿದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ತೂಕ ಹಾಗೇ ಉಳಿಯಲು ನನಗೆ ದಿನಕ್ಕೆ ಸುಮಾರು 2,900 ಕ್ಯಾಲೊರಿ ಬೇಕಿತ್ತು, 2,400 ತಿಂದೆ. ಒಂದು ಕೆಜಿ ಬೊಜ್ಜಿಗೆ ಅಂದಾಜು 7,700 ಕ್ಯಾಲೊರಿ, ಹಾಗಾಗಿ ದಿನಕ್ಕೆ 500 ಕೊರತೆ ಇದ್ದರೆ ವಾರಕ್ಕೆ ಅರ್ಧ ಕೆಜಿ ಹತ್ತಿರ ಹೋಗುತ್ತದೆ. ನಿಧಾನ, ನಿಜ. ಮೈ ಸಣ್ಣಗಾಗುತ್ತಾ ಹೋದಂತೆ ಖರ್ಚೂ ಕಡಿಮೆಯಾಗುತ್ತದೆ, ಆಮೇಲಾಮೇಲೆ ಊಟವನ್ನು ಇನ್ನೊಂದಿಷ್ಟು ತಗ್ಗಿಸಬೇಕು. ಪ್ರೊಟೀನ್ ಮೈತೂಕದ ಪ್ರತಿ ಕೆಜಿಗೆ 2 ಗ್ರಾಂ, ಅದನ್ನು ಯಾವ ದಿನವೂ ಬಿಡಲಿಲ್ಲ. ಅನ್ನದಂಥ ಕಾರ್ಬೋಹೈಡ್ರೇಟ್ ಊಟವನ್ನು ಭಾರಿ ವರ್ಕೌಟ್ ಇರುವ ದಿನಕ್ಕೆ ಎತ್ತಿಟ್ಟೆ. ಮಧ್ಯೆ ಮಧ್ಯೆ ಒಂದೊಂದು ವಾರ ಹೊಟ್ಟೆ ತುಂಬಾ ತಿಂದೆ, ಇಳಿಸುವುದನ್ನು ನಿಲ್ಲಿಸಿ. ಕಾರ್ಡಿಯೋ ಅಂದರೆ ನಡಿಗೆ, ಅಷ್ಟೇ.

ವರ್ಕೌಟ್ ವಿಷಯದಲ್ಲಿ ಜಿಮ್‌ನ ಹಳೆಯ ಸಲಹೆಯೊಂದಿದೆ: ಕಟ್ ಮಾಡುವಾಗ ಬಾರ್ ಮೇಲಿನ ತೂಕ ಕಡಿಮೆ ಮಾಡು, ರೆಪ್ (ಒಂದೇ ಸಮನೆ ಎತ್ತುವ ಸಲಗಳು) ಜಾಸ್ತಿ ಮಾಡು. ನಾನು ತದ್ವಿರುದ್ಧ ಮಾಡಿದೆ. ಬಾರ್ ಮೇಲಿನ ತೂಕವನ್ನು ಗರಿಷ್ಠದ 80ರಿಂದ 85 ಶೇಕಡಾ ಆಸುಪಾಸಿನಲ್ಲೇ ಇಟ್ಟುಕೊಂಡು, ಸೆಟ್‌ಗಳಲ್ಲಿ (ನಡುವೆ ದಣಿವಾರಿಸಿಕೊಂಡು ಮಾಡುವ ಸುತ್ತುಗಳಲ್ಲಿ) ಮೂರನೇ ಒಂದು ಭಾಗ ತೆಗೆದೆ. ಊಟ ಕಡಿಮೆ ಇರುವಾಗ ಮೈ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕರಗಿಸಬೇಕು ಅಂತ ನೋಡುತ್ತಿರುತ್ತದೆ. ಭಾರ ಎತ್ತುತ್ತಿದ್ದರೆ ಸ್ನಾಯು ಇನ್ನೂ ಬೇಕು ಅನ್ನುವ ಸುದ್ದಿ ಅದಕ್ಕೆ ಮುಟ್ಟುತ್ತದೆ. ಸೆಟ್ ಕಡಿಮೆ ಮಾಡಿದ್ದು ಯಾಕೆಂದರೆ ಸುಧಾರಿಸಿಕೊಳ್ಳಲು ಬೇಕಾದ ಊಟ ಇರಲಿಲ್ಲ.

ಈಗ ಲಾಭ ನಷ್ಟ. 93ರಲ್ಲಿ ಟೋಟಲ್ 560, 83ರಲ್ಲಿ 190, 120, 225 ಸೇರಿ 535. ಬರೀ ಕಿಲೋ ನೋಡಿದರೆ 25 ನಷ್ಟ. ಬೇರೆ ಬೇರೆ ಮೈತೂಕದವರನ್ನು ಹೋಲಿಸಲು ಡಾಟ್ಸ್ ಅನ್ನುವ ಸೂತ್ರ ಇದೆ, ಮೈತೂಕಕ್ಕೆ ತಕ್ಕ ಗುಣಕದಿಂದ ಟೋಟಲನ್ನು ಗುಣಿಸುತ್ತದೆ. ಅದರ ಪ್ರಕಾರ 93ರಲ್ಲಿ ನನಗೆ 356 ಅಂಕ, 83ರಲ್ಲಿ 361. ಸಮ ಆಗಲು 528 ಎತ್ತಿದ್ದರೆ ಸಾಕಿತ್ತು. ಅಂದರೆ 10 ಕೆಜಿ ಬೊಜ್ಜು ಇಳಿಸುವಾಗ ಟೋಟಲ್ 32 ಕೆಜಿವರೆಗೆ ಬಿದ್ದರೂ ನಷ್ಟವಿಲ್ಲ ಅಂತಾಯಿತು. ತೂಕ ಇಳಿಸುವ ಮುಂಚೆ ಈ ಲೆಕ್ಕ ಹಾಕಿಟ್ಟುಕೊಂಡರೆ ಬೆಂಚ್ ಇಳಿದ ದಿನ ಎದೆ ಒಡೆಯುವುದಿಲ್ಲ.

ಆಮೇಲೆ 79ಕ್ಕೆ ಹೋದೆ. ಸೊಂಟ 83, ಹೊಟ್ಟೆಯ ಸ್ನಾಯು ಕಾಣಿಸುತ್ತಿತ್ತು, ಅಂಗಿ ಚೆನ್ನಾಗಿ ಕೂರುತ್ತಿತ್ತು. ಬಾರ್ ಹತ್ತಿರ ಹೋದರೆ ಮಾತ್ರ ಬೇರೆಯೇ ಮನುಷ್ಯ. ವಾರ್ಮ್‌ಅಪ್ ಸೆಟ್ಟೇ ಭಾರ. ನಡುರಾತ್ರಿ ಎಚ್ಚರ, ಕೈಕಾಲು ತಣ್ಣಗೆ, ಎಲ್ಲರ ಮೇಲೂ ಸಿಡಿಮಿಡಿ, ತಲೆಯಲ್ಲಿ ಇಡೀ ದಿನ ಊಟದ್ದೇ ಯೋಚನೆ. ಟೋಟಲ್ 505. ಡಾಟ್ಸ್ 351, ಅಂದರೆ ದಪ್ಪ ಇದ್ದಾಗಿನದಕ್ಕಿಂತಲೂ ಕಡಿಮೆ. ಈ ಸಲ ಡೆಡ್‌ಲಿಫ್ಟ್ ಕೂಡ ಇಳಿಯಿತು, ಅದೇ ನನಗೆ ಸಿಕ್ಕ ಸ್ಪಷ್ಟ ಗುರುತು. ಮೆತ್ತೆಯ ಹಂಗಿಲ್ಲದ ಲಿಫ್ಟ್ ಇಳಿಯತೊಡಗಿದರೆ ಹೋಗುತ್ತಿರುವುದು ಬರೀ ಬೊಜ್ಜಲ್ಲ. ತುಂಬಾ ದಿನ ಊಟ ಸಾಲದೇ ಹೋದರೆ ಗಂಡಸರಲ್ಲಿ ಟೆಸ್ಟೊಸ್ಟೆರಾನ್ ಇಳಿಯುತ್ತದೆ. ಹೆಂಗಸರಿಗೆ ಮುಟ್ಟು ನಿಂತುಹೋಗಬಹುದು. ಹಾಗಾದರೆ ಶಿಸ್ತಿನ ಫಲ ಅಂತ ಹೆಮ್ಮೆಪಡದೆ ಊಟ ಹೆಚ್ಚಿಸಿ ಡಾಕ್ಟರ್ ಹತ್ತಿರ ಹೋಗಬೇಕು. ವೇದಿಕೆ ಮೇಲೆ ನಿಲ್ಲುವ ಬಾಡಿಬಿಲ್ಡರ್‌ಗಳನ್ನು ತೋರಿಸಿ "ಅವರು ಇನ್ನೂ ಸಣ್ಣ ಇರ್ತಾರಲ್ಲ" ಅನ್ನುವವರಿದ್ದಾರೆ. ಅವರು ಆ ದಿನ ತೋರಿಸುತ್ತಾರೆ, ಎತ್ತುವುದಿಲ್ಲ.

ಇನ್ನೊಂದು ವಾದ ಸೂಪರ್ ಹೆವಿವೇಟ್‌ನವರದ್ದು. ಜಾರ್ಜಿಯಾದ ವೇಟ್‌ಲಿಫ್ಟರ್ ಲಾಶಾ ತಲಖಾಡ್ಝೆ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಎರಡು ಲಿಫ್ಟ್ ಸೇರಿ 488 ಕೆಜಿ ಎತ್ತಿದರು, ಅದೇ ವರ್ಷ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 492. ಮೈತೂಕ 170 ದಾಟಿತ್ತು. ಹಾಗಾದರೆ ದಪ್ಪ ಇದ್ದರೇ ಒಳ್ಳೆಯದು ಅಲ್ವಾ? ಅವರ ವಿಭಾಗಕ್ಕೆ ಮೇಲಿನ ಮಿತಿಯೇ ಇಲ್ಲ, ಹಾಗಾಗಿ ಬೊಜ್ಜಿಗೆ ದಂಡವೂ ಇಲ್ಲ. ಸದಾ ಹೊಟ್ಟೆ ತುಂಬಾ ತಿಂದು ಸ್ನಾಯು ಕಟ್ಟುತ್ತಾ ಹೋಗಬಹುದು, ಜೊತೆಗೆ ಬಂದದ್ದು ಬರಲಿ. ಅದೇ 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಟರ್ಕಿಯ ನೈಮ್ ಸುಲೇಮಾನೊಗ್ಲು 60 ಕೆಜಿ ವಿಭಾಗದಲ್ಲಿ ನಿಂತು 190 ಕೆಜಿ ಕ್ಲೀನ್ ಅಂಡ್ ಜರ್ಕ್ (ನೆಲದಿಂದ ಹೆಗಲಿಗೆ, ಅಲ್ಲಿಂದ ತಲೆಯ ಮೇಲಕ್ಕೆ) ಮಾಡಿದರು, ತಮ್ಮ ತೂಕದ ಮೂರು ಪಟ್ಟಿಗಿಂತ ಜಾಸ್ತಿ. ಅಲ್ಲಿ ಪ್ರತಿ ಕೆಜಿ ಬೊಜ್ಜೂ ಒಂದು ಕೆಜಿ ಸ್ನಾಯುವಿನ ಜಾಗ ತಿನ್ನುತ್ತದೆ. ನಾವು ಯಾವ ಲೆಕ್ಕದಲ್ಲಿದ್ದೇವೆ ಅಂತ ಮೊದಲು ನೋಡಿಕೊಳ್ಳಬೇಕು.

"ಅಣ್ಣಾ, ಬಲ್ಕ್ ಮಾಡ್ಲಾ, ಕಟ್ ಮಾಡ್ಲಾ?" ಅಂತ ಹೊಸ ಹುಡುಗರು ಕೇಳುತ್ತಾರೆ. ಬಲ್ಕ್ ಅಂದರೆ ಜಾಸ್ತಿ ತಿಂದು ಮೈತೂಕ ಏರಿಸುವುದು. ಹೊಸಬರಿಗೆ, ಅದರಲ್ಲೂ ಹೊಟ್ಟೆ ಇರುವವರಿಗೆ, ಈ ತಲೆನೋವೇ ಇಲ್ಲ. ಅವರಿಗೆ ಬೊಜ್ಜೂ ಇಳಿಯುತ್ತದೆ, ಶಕ್ತಿಯೂ ಏರುತ್ತದೆ, ಎರಡೂ ಒಟ್ಟಿಗೆ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವ ವ್ಯಾಪಾರ ಶುರುವಾಗುವುದು ಕೆಲವು ವರ್ಷ ಎತ್ತಿದ ಮೇಲೆ.

ಈಗ ನಾನು ಸ್ಪರ್ಧೆ ಇಲ್ಲದಾಗ 85ರ ಹತ್ತಿರ ಇರುತ್ತೇನೆ. ಸೊಂಟ 90 ದಾಟಿದರೆ ಊಟ ಸ್ವಲ್ಪ ಹಿಡಿಯುತ್ತೇನೆ. ಸ್ಪರ್ಧೆಗೆ ಮುಂಚೆ ನಿಧಾನಕ್ಕೆ ಒಂದೂವರೆ ಕೆಜಿ, ಕೊನೆಯ ಒಂದೆರಡು ದಿನ ನಾರು, ಉಪ್ಪು ತಗ್ಗಿಸಿ ಉಳಿದದ್ದು. ಸಾನಾದಲ್ಲಿ ಕೂತು ನೀರು ಹಿಂಡುವ ಸಾಹಸ ಬೇಡವೇ ಬೇಡ. ನಮ್ಮ ಸ್ಪರ್ಧೆಗಳಲ್ಲಿ ತೂಕ ನೋಡುವುದು ಲಿಫ್ಟಿಂಗ್ ಶುರುವಾಗುವ 2 ಗಂಟೆ ಮುಂಚೆ, ಅಷ್ಟರಲ್ಲಿ ಕಳೆದ ನೀರು ಸ್ನಾಯುವಿಗೆ ಪೂರ್ತಿ ವಾಪಸ್ ಸೇರುವುದಿಲ್ಲ. ಸ್ಕ್ವಾಟ್ ಮತ್ತೆ 200 ಮುಟ್ಟಿದೆ. ಬೆಂಚ್ 125ಕ್ಕೆ ಬಂದು ಕೂತಿದೆ, ಅದಕ್ಕಾಗಿ ಬಾರ್‌ಬೆಲ್ ರೋ (ಬಗ್ಗಿ ನಿಂತು ಬಾರನ್ನು ಹೊಟ್ಟೆಯತ್ತ ಎಳೆಯುವ ಬೆನ್ನಿನ ವ್ಯಾಯಾಮ) ಜಾಸ್ತಿ ಮಾಡುತ್ತಿದ್ದೇನೆ.